ಲ್ಯಾಂಡಿಂಗ್ ಟೈಮಲ್ಲೇ ಸಿಮ್ ತಡವರಿಸ್ತಿದ್ಯಾ? ಕಂಪ್ಯೂಟರ್ ಭಾರ ಇಳಿಸೋದು ಹೀಗೆ

ಮನೇಲಿ ಫ್ಲೈಟ್ ಸಿಮ್ಯುಲೇಟರ್ ಹಾರಿಸೋರು ಹೇಳೋ ದೂರು ಹೆಚ್ಚುಕಮ್ಮಿ ಒಂದೇ. 35,000 ಅಡಿ ಮೇಲೆ ಎಲ್ಲ ನಯವಾಗಿರತ್ತೆ, ಕೆಳಗಿಳೀತಾ ಏರ್‌ಪೋರ್ಟ್ ಹತ್ರ ಬರ್ತಿದ್ದ ಹಾಗೆ ಚಿತ್ರ ತಡವರಿಸೋಕೆ ಶುರುವಾಗತ್ತೆ, ರನ್‌ವೇ ಇನ್ನೇನು 50 ಅಡಿ ಇದೆ, ಮೂತಿ ಸ್ವಲ್ಪ ಎತ್ಬೇಕು ಅನ್ನೋ ಹೊತ್ತಿಗೆ ಸರಿಯಾಗಿ ಒಂದು ಕ್ಷಣ ನಿಂತೇ ಹೋಗತ್ತೆ. ಬಜ್ಪೆಯಂಥ ಟೇಬಲ್‌ಟಾಪ್ ರನ್‌ವೇಗೆ ಇಳಿಸೋದನ್ನ ಕಲೀತಿರೋರಿಗೆ ಆ ಒಂದು ಕ್ಷಣ ಇಲ್ಲ ಅಂದ್ರೆ ಕಲಿಯೋಕೆ ಏನೂ ಉಳಿಯಲ್ಲ.

ಆಮೇಲೆ ಜನ ಮಾಡೋ ಕೆಲಸ ನೋಡಿದ್ರೆ ನಿಜಕ್ಕೂ ಬೇಜಾರಾಗತ್ತೆ. ಯಾವುದೋ 'ಬೂಸ್ಟರ್' ಇನ್‌ಸ್ಟಾಲ್ ಮಾಡ್ತಾರೆ, ವಿಡಿಯೋ ನೋಡಿ ವಿಂಡೋಸ್ ಸರ್ವಿಸ್‌ಗಳನ್ನ ಸಾಲಾಗಿ ಆಫ್ ಮಾಡ್ತಾರೆ, ಪೇಜ್ ಫೈಲ್ (ರ‍್ಯಾಮ್ ಸಾಲದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸೋ ಜಾಗ) ತೆಗೀತಾರೆ, ಗ್ರಾಫಿಕ್ಸ್ ಎಲ್ಲ ಲೋ ಮಾಡ್ತಾರೆ, ಆದ್ರೂ ತಡವರಿಕೆ ಹಾಗೇ ಇರತ್ತೆ, ಕೊನೇಲಿ ಹೊಸ ಗ್ರಾಫಿಕ್ಸ್ ಕಾರ್ಡ್ ತಗೊಳ್ಳೋಕೆ ಹೊರಡ್ತಾರೆ. ಕಂಪ್ಯೂಟರ್‌ನಲ್ಲಿ ಯಾವುದು ಸಾಲ್ತಿಲ್ಲ ಅಂತ ಮೊದ್ಲು ನೋಡಿ, ಅದನ್ನ ಮಾತ್ರ ಬಿಡಿಸ್ಕೊಡಿ. ಬೇರೆಯದನ್ನ ಎಷ್ಟು ಖಾಲಿ ಮಾಡಿದ್ರೂ ಸಿಮ್‌ಗೆ ಅದು ಸಿಗಲ್ಲ. ಇಲ್ಲಿ ನಾನು ಮುಖ್ಯವಾಗಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020, 2024 ಇಟ್ಕೊಂಡು ಹೇಳ್ತೀನಿ, ಎಕ್ಸ್-ಪ್ಲೇನ್ 12 ಅನ್ನೋ ಇನ್ನೊಂದು ಸಿಮ್ ಇರೋರಿಗೂ ಹೆಚ್ಚಿನದು ಅನ್ವಯಿಸತ್ತೆ.

ಹೆಜ್ಜೆ 1: ಅಳೀರಿ

ಇದನ್ನ ಯಾರೂ ಮಾಡಲ್ಲ, ಅದಕ್ಕೇ ಎಲ್ಲ ಕೆಡೋದು.

ಮೊದ್ಲು ಒಂದು ಪರೀಕ್ಷಾ ಹಾರಾಟ ಗೊತ್ತು ಮಾಡ್ಕೊಳ್ಳಿ: ಒಂದೇ ವಿಮಾನ, ಒಂದೇ ಏರ್‌ಪೋರ್ಟ್, ಮಧ್ಯಾಹ್ನ 12 ಗಂಟೆ, ಲೈವ್ ಹವಾಮಾನ ಬೇಡ, ಪ್ರೀಸೆಟ್‌ನಲ್ಲಿ 'ಕ್ಲಿಯರ್ ಸ್ಕೈಸ್'. ಇವತ್ತು ಮಳೆಗಾಲದ ಮಂಗಳೂರು, ನಾಳೆ ಬಿಸಿಲಲ್ಲಿ ಬೆಂಗಳೂರು ಅಂತ ಹಾರಿಸಿ ಸೆಟ್ಟಿಂಗ್ ಹೋಲಿಸಿದ್ರೆ ಏನೂ ಗೊತ್ತಾಗಲ್ಲ. ಫೈನಲ್ ಅಪ್ರೋಚ್‌ನಿಂದ ಗೇಟ್‌ವರೆಗೆ ಹಾರಿಸಿದ್ರೆ ಸಾಕು, ತೊಂದರೆ ಇರೋದು ಅಲ್ಲೇ.

ಈಗ ಸಿಮ್‌ನ ಜನರಲ್ ಆಪ್ಷನ್ಸ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ, ಮೇಲೆ ಬರೋ ಮೆನುವಿನಲ್ಲಿ ಡೀಬಗ್ ಒಳಗೆ 'ಡಿಸ್‌ಪ್ಲೇ ಎಫ್‌ಪಿಎಸ್' ಒತ್ತಿ. ಮೂಲೇಲಿ ಒಂದು ಪುಟ್ಟ ಫಲಕ ಬರತ್ತೆ. ಜನ ನೋಡೋದು ಎಫ್‌ಪಿಎಸ್ ಅಂಕಿ (ಸೆಕೆಂಡಿಗೆ ಎಷ್ಟು ಚಿತ್ರ, ಅಂದ್ರೆ ಫ್ರೇಮ್, ಬರ್ತಿದೆ ಅನ್ನೋದು) ಮಾತ್ರ, ನೀವು ಅದರ ಜೊತೆ ಇರೋ 'ಲಿಮಿಟೆಡ್ ಬೈ' ಸಾಲು ನೋಡಿ. 'ಜಿಪಿಯು' ಅಂತಿದ್ರೆ ಗ್ರಾಫಿಕ್ಸ್ ಕಾರ್ಡ್ ಸೋಲ್ತಿದೆ. 'ಮೇನ್‌ಥ್ರೆಡ್' ಅಂತಿದ್ರೆ ಪ್ರೊಸೆಸರ್ ಸೋಲ್ತಿದೆ, ಆಗ ನೀವು ರೆಸಲ್ಯೂಷನ್ ಇಳಿಸಿದ್ರೂ ಮೋಡಗಳನ್ನ ಲೋ ಮಾಡಿದ್ರೂ ಒಂದು ಫ್ರೇಮ್ ಕೂಡ ಹೆಚ್ಚಾಗಲ್ಲ, ಚಿತ್ರ ಕೆಟ್ಟದಾಗಿ ಕಾಣತ್ತೆ ಅಷ್ಟೇ.

ಇಲ್ಲೇ ಎಲ್ಲರೂ ಎಡವೋದು. ಟಾಸ್ಕ್ ಮ್ಯಾನೇಜರ್ ತೆಗೆದು ನೋಡ್ತಾರೆ, ಸಿಪಿಯು 25 ಪರ್ಸೆಂಟ್ ಅಂತ ಇರತ್ತೆ, 'ಪ್ರೊಸೆಸರ್ ಖಾಲಿ ಕೂತಿದೆ' ಅಂದ್ಕೋತಾರೆ. ಅದು ಎಲ್ಲ ಕೋರ್‌ಗಳ ಸರಾಸರಿ. ಸಿಮ್‌ನ ಮೇನ್ ಥ್ರೆಡ್, ಅಂದ್ರೆ ಅದರ ಮುಖ್ಯ ಕೆಲಸಗಳ ಸಾಲು, ಒಂದು ಹೊತ್ತಿಗೆ ಒಂದು ಕೋರ್ ಮೇಲೇ ಓಡೋದು, ಆ ಒಂದು ಕೋರ್ ಪೂರ್ತಿ ತುಂಬಿ ಉಳಿದವು ಸುಮ್ನೆ ಕೂತಿದ್ರೂ ಸರಾಸರಿ ಕಮ್ಮಿಯೇ ತೋರ್ಸತ್ತೆ. ಹಾಗಾಗಿ ಈ ವಿಷಯಕ್ಕೆ ಟಾಸ್ಕ್ ಮ್ಯಾನೇಜರ್ ಅಲ್ಲ, ಸಿಮ್ ಒಳಗಿನ ಫಲಕವನ್ನೇ ನಂಬಿ. ಎಕ್ಸ್-ಪ್ಲೇನ್‌ನಲ್ಲಾದ್ರೆ ಸೆಟ್ಟಿಂಗ್ಸ್‌ನ ಡೇಟಾ ಔಟ್‌ಪುಟ್‌ನಲ್ಲಿ ಫ್ರೇಮ್ ರೇಟ್ ಸಾಲಿಗೆ ಟಿಕ್ ಹಾಕಿದ್ರೆ ಸಿಪಿಯು ಟೈಮ್, ಜಿಪಿಯು ಟೈಮ್ ಎರಡೂ ತೋರ್ಸತ್ತೆ, ಯಾವುದು ದೊಡ್ಡದೋ ತೊಂದರೆ ಅಲ್ಲಿದೆ. ಎಕ್ಸ್-ಪ್ಲೇನ್ ಹಾರಿಸೋರು ಇನ್ನೊಂದು ಗಮನಿಸ್ಬೇಕು, ಫ್ರೇಮ್ ಸುಮಾರು 20ಕ್ಕಿಂತ ಕೆಳಗೆ ಹೋದ್ರೆ ಅದು ಸಿಮ್‌ನ ಸಮಯವನ್ನೇ ನಿಧಾನ ಮಾಡ್ಬಿಡತ್ತೆ, ಅಂದ್ರೆ ನಿಮ್ಮ ಗಡಿಯಾರದ ಒಂದು ನಿಮಿಷ ಅಲ್ಲಿ ಒಂದು ನಿಮಿಷ ಆಗಿರಲ್ಲ.

ಇನ್ನೂ ಎರಡು ಅಂಕಿ ಬೇಕು, ಅವು ಟಾಸ್ಕ್ ಮ್ಯಾನೇಜರ್‌ನಲ್ಲೇ ಇವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಪರ್ಫಾರ್ಮೆನ್ಸ್‌ಗೆ ಹೋಗಿ. ಮೆಮೊರಿ ಪುಟದಲ್ಲಿ 'ಕಮಿಟೆಡ್', ಜಿಪಿಯು ಪುಟದಲ್ಲಿ 'ಡೆಡಿಕೇಟೆಡ್ ಜಿಪಿಯು ಮೆಮೊರಿ'. ಲ್ಯಾಂಡ್ ಆದ ತಕ್ಷಣ ಇವೆರಡನ್ನೂ ಬರೆದಿಟ್ಕೊಳ್ಳಿ.

ಹೆಜ್ಜೆ 2: ಹಿಂದೆ ಓಡ್ತಿರೋದನ್ನ ನಿಲ್ಲಿಸಿ

ಇದು ಸುಲಭ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಆ್ಯಪ್ಸ್‌ಗೆ ಹೋಗಿ ಗೇಮ್ ಲಾಂಚರ್‌ಗಳು, ಟೀಮ್ಸ್, ಪ್ರಿಂಟರ್ ಜೊತೆ ಬಂದಿದ್ದು, ಲ್ಯಾಪ್‌ಟಾಪ್ ಕಂಪನಿಯವರೇ ತುಂಬಿ ಕೊಟ್ಟಿದ್ದು ಎಲ್ಲ ಡಿಸೇಬಲ್ ಮಾಡಿ ಒಂದ್ಸಲ ರೀಸ್ಟಾರ್ಟ್ ಮಾಡಿ. ಒನ್‌ಡ್ರೈವ್ ಸಿಂಕ್ 8 ಗಂಟೆ ನಿಲ್ಲಿಸಿಡಿ (ಪಾಜ್). ಎಕ್ಸ್‌ಬಾಕ್ಸ್ ಗೇಮ್ ಬಾರ್‌ನ ಹಿನ್ನೆಲೆ ರೆಕಾರ್ಡಿಂಗ್ ಆಫ್ ಮಾಡಿ. ಬ್ರೌಸರ್ ಕ್ಲೋಸ್ ಮಾಡಿದ ಮೇಲೂ ಹಿಂದೆ ಓಡ್ತಾನೇ ಇರತ್ತೆ, ಕ್ರೋಮ್, ಎಡ್ಜ್ ಎರಡರ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲೂ ಅದನ್ನ ನಿಲ್ಲಿಸೋ ಆಯ್ಕೆ ಇದೆ. ಚಾರ್ಟು, ಮ್ಯಾಪು, ಸಿಂಬ್ರೀಫ್ ವೆಬ್‌ಸೈಟ್‌ನ ಫ್ಲೈಟ್ ಪ್ಲಾನ್ ಇವನ್ನ ಅದೇ ಕಂಪ್ಯೂಟರ್‌ನಲ್ಲಿ ತೆಗೀಬೇಡಿ, ಫೋನಲ್ಲೋ ಟ್ಯಾಬಲ್ಲೋ ನೋಡಿ. ಕಾಕ್‌ಪಿಟ್‌ನಲ್ಲಿ ಪೈಲಟ್‌ಗಳ ಕೈಲಿರೋದೂ ಟ್ಯಾಬೇ, ಅದೇ ಅಭ್ಯಾಸ ಆಗಲಿ.

ಸರ್ವಿಸ್‌ಗಳ ಲಿಸ್ಟ್ ಇಟ್ಕೊಂಡು ಆಫ್ ಮಾಡೋ 'ಡೀಬ್ಲೋಟ್' ಸ್ಕ್ರಿಪ್ಟ್‌ಗಳನ್ನ ಮಾತ್ರ ಮುಟ್ಬೇಡಿ. ಅವು ಗೇಮಿಂಗ್ ಸರ್ವಿಸಸ್, ಎಕ್ಸ್‌ಬಾಕ್ಸ್ ಲೈವ್ ಸರ್ವಿಸ್‌ಗಳನ್ನೂ ತೆಗೆದ್ರೆ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ತಗೊಂಡ ಸಿಮ್ ತೆರೆಯೋದೇ ಇಲ್ಲ, ಆಮೇಲೆ ಏನು ಆಫ್ ಆಗಿದೆ ಅಂತ ಹುಡುಕೋಕೂ ಆಗಲ್ಲ. ಸಿಮ್‌ನ ಪ್ರಯಾರಿಟಿಯನ್ನ 'ರಿಯಲ್‌ಟೈಮ್' ಮಾಡೋದೂ ಬೇಡ, ಹಾಗೆ ಮಾಡಿದ್ರೆ ಸೌಂಡಿಗೆ, ಜಾಯ್‌ಸ್ಟಿಕ್‌ಗೆ ಬೇಕಾದ ಹೊತ್ತಲ್ಲಿ ಪ್ರೊಸೆಸರ್ ಸಿಗದೇ ಹೋಗ್ಬೋದು. ಕೋರ್ ಐಸೊಲೇಷನ್‌ನ 'ಮೆಮೊರಿ ಇಂಟೆಗ್ರಿಟಿ' ಅನ್ನೋ ವಿಂಡೋಸ್ ರಕ್ಷಣೆಯನ್ನ ಆಫ್ ಮಾಡಿದ್ರೆ ಕೆಲವು ಫ್ರೇಮ್ ಸಿಗ್ಬೋದು ನಿಜ, ಆದ್ರೆ ಅದೇ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ಕೆಲಸ ಮಾಡೋ ಮನೇಲಿ ಅದನ್ನ ಮುಟ್ಟಕೂಡದು, ಇದು ನನ್ನ ಖಚಿತ ಅಭಿಪ್ರಾಯ.

ಹೆಜ್ಜೆ 3: ಮೆಮೊರಿ

ಇದಕ್ಕೆ ಸಮಯ ಕೊಡಿ, ಅತಿ ಹೆಚ್ಚು ತಪ್ಪು ಸಲಹೆ ಇರೋದು ಇಲ್ಲೇ.

2020ರ ಸಿಮ್‌ಗೆ ಕನಿಷ್ಠ 8 ಜಿಬಿ, ಶಿಫಾರಸು 16 ಜಿಬಿ ಅಂದಿದ್ರು. 2024ರದ್ದಕ್ಕೆ ಕನಿಷ್ಠವೇ 16, ಶಿಫಾರಸು 32. ನಮ್ಮಲ್ಲಿ ತುಂಬಾ ಜನರ ಹತ್ರ ಇರೋದು 16 ಜಿಬಿ ಲ್ಯಾಪ್‌ಟಾಪು. ಅದರಲ್ಲೂ ಹಾರಿಸ್ಬೋದು, ಆದ್ರೆ ಒಂದೊಂದು ಜಿಬಿಗೂ ಲೆಕ್ಕ ಇರ್ಬೇಕು.

ಮೊದಲನೇದು, ರ‍್ಯಾಮ್ ಕ್ಲೀನರ್, ರ‍್ಯಾಮ್ ಬೂಸ್ಟರ್ ಅಂತ ಬರೋ ಯಾವುದನ್ನೂ ಹಾಕ್ಬೇಡಿ, ಹಾಕಿದ್ರೆ ಇವತ್ತೇ ತೆಗೀರಿ. ಅವು ಓಡ್ತಿರೋ ಪ್ರೋಗ್ರಾಂಗಳ ಕೈಲಿರೋ ಮೆಮೊರಿಯನ್ನ ಬಲವಂತವಾಗಿ ಖಾಲಿ ಮಾಡಿಸ್ತವೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಬಳಕೆ ಸರ್ರನೆ ಇಳಿದ ಹಾಗೆ ಕಾಣತ್ತೆ, ನೋಡಿದೋರಿಗೆ ಖುಷಿ. ಆದ್ರೆ ಸಿಮ್‌ಗೆ ಮರುಕ್ಷಣವೇ ಅದೇ ಡೇಟಾ ಬೇಕಾಗತ್ತೆ, ಮತ್ತೆ ತರಿಸ್ಕೋಬೇಕು, ಆ ಹೊತ್ತಿಗೆ ಚಿತ್ರ ತಡವರಿಸತ್ತೆ. ಒಗ್ಗರಣೆಗೆ ಎಣ್ಣೆ ಕಾದಿರೋವಾಗ ಕಟ್ಟೆ ಮೇಲಿದ್ದ ಸಾಸಿವೆ ಡಬ್ಬಿ ಎತ್ತಿ ಅಟ್ಟದಲ್ಲಿಟ್ಟ ಹಾಗೆ. ಮೆಮೊರಿ ಪುಟದಲ್ಲಿ 'ಸ್ಟ್ಯಾಂಡ್‌ಬೈ' ಅಂತ ತುಂಬಿರೋದನ್ನ ನೋಡಿ ಹೆದರೋದೂ ಬೇಡ, ಅದು ವಿಂಡೋಸ್ ಮುಂದೆ ಬೇಕಾದೀತು ಅಂತ ಇಟ್ಕೊಂಡಿರೋದು, ಯಾರಾದ್ರೂ ಕೇಳಿದ ತಕ್ಷಣ ಬಿಟ್ಕೊಡತ್ತೆ.

ಎರಡನೇದು ಪೇಜ್ ಫೈಲ್. 'ಎಸ್‌ಎಸ್‌ಡಿ ಸವೆಯುತ್ತೆ, ರ‍್ಯಾಮ್ ಸಾಕಷ್ಟಿದೆ, ಪೇಜ್ ಫೈಲ್ ತೆಗೀರಿ' ಅಂತ ಸಲಹೆ ಕೊಡೋರಿದಾರೆ, ಅದನ್ನ ಕೇಳಿದೋರ ಸಿಮ್ ಹಾರಾಟದ ಮಧ್ಯೆ ಏನೂ ಹೇಳದೆ ಕ್ಲೋಸ್ ಆಗತ್ತೆ. ಕಾರಣ ಇಷ್ಟೇ. 'ಕಮಿಟೆಡ್' ಅಂಕಿ 21/24 ಅನ್ನೋ ರೀತಿ ಇರತ್ತಲ್ಲ, ಎರಡನೇ ಅಂಕಿ ಅಂದ್ರೆ ರ‍್ಯಾಮ್ ಮತ್ತು ಪೇಜ್ ಫೈಲ್ ಎರಡೂ ಸೇರಿದ ಮಿತಿ. ಪ್ರೋಗ್ರಾಂಗಳು ತಾವು ನಿಜಕ್ಕೂ ಬಳಸೋದಕ್ಕಿಂತ ಜಾಸ್ತಿ ಮೆಮೊರಿಯನ್ನ ಮುಂಚೆನೇ ಕಾದಿರಿಸ್ಕೋತವೆ, ವಿಂಡೋಸ್ ಅದಕ್ಕೆಲ್ಲ ಜಾಗ ಲೆಕ್ಕ ಹಿಡೀಬೇಕು. ಪೇಜ್ ಫೈಲ್ ತೆಗೆದ್ರೆ ಮಿತಿ ರ‍್ಯಾಮ್‌ನಷ್ಟಕ್ಕೇ ಬಂದು ನಿಲ್ಲತ್ತೆ, ರ‍್ಯಾಮ್ ಇನ್ನೂ ಖಾಲಿ ಇದ್ದಾಗ್ಲೂ ಸಿಮ್ ಕೇಳಿದ್ದಕ್ಕೆ 'ಇಲ್ಲ' ಅನ್ನೋ ಉತ್ತರ ಬರತ್ತೆ, ಸಿಮ್ ಬಿದ್ದುಹೋಗತ್ತೆ. ಅಡ್ವಾನ್ಸ್ಡ್ ಸಿಸ್ಟಂ ಸೆಟ್ಟಿಂಗ್ಸ್, ಅದರಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಅಡ್ವಾನ್ಸ್ಡ್, ಅದರಲ್ಲಿ ವರ್ಚುವಲ್ ಮೆಮೊರಿ. ಅಲ್ಲಿ 'ಆಟೊಮ್ಯಾಟಿಕಲಿ ಮ್ಯಾನೇಜ್' ಟಿಕ್ ಇದ್ಯಾ ನೋಡಿ, ಇಲ್ಲದಿದ್ರೆ ಹಾಕಿ, ಸಿ ಡ್ರೈವ್‌ನಲ್ಲಿ ಧಾರಾಳವಾಗಿ ಜಾಗ ಬಿಡಿ. ಫೈಲ್ ಬೆಳೆಯೋಕೆ ಜಾಗ ಇಲ್ಲದಿದ್ರೆ ಟಿಕ್ ಇದ್ದೂ ಪ್ರಯೋಜನ ಇಲ್ಲ.

ಮೂರನೇದು ನನಗೆ ಎಲ್ಲಕ್ಕಿಂತ ಮುಖ್ಯ. ಅದೇ ಮೆಮೊರಿ ಪುಟದಲ್ಲಿ 'ಸ್ಲಾಟ್ಸ್ ಯೂಸ್ಡ್' ಅಂತಿರತ್ತೆ. 2ರಲ್ಲಿ 1 ಅಂತಿದ್ರೆ ನಿಮ್ಮ ಲ್ಯಾಪ್‌ಟಾಪ್ ಒಂದೇ ರ‍್ಯಾಮ್ ಮೇಲೆ ಓಡ್ತಿದೆ, ಅಂದ್ರೆ ಪ್ರೊಸೆಸರ್‌ಗೂ ಮೆಮೊರಿಗೂ ಮಧ್ಯೆ ಇರೋ ದಾರಿ ಅರ್ಧ ಮಾತ್ರ ತೆರೆದಿದೆ. ಅಂಥದ್ದೇ ಇನ್ನೊಂದು ರ‍್ಯಾಮ್ ಹಾಕಿಸಿದ್ರೆ ಜಾಗವೂ ದುಪ್ಪಟ್ಟು, ಡ್ಯುಯಲ್ ಚಾನೆಲ್ ದಾರಿಯೂ ಸಿಗತ್ತೆ. ಬೆಂಗಳೂರಿನ ಎಸ್‌.ಪಿ. ರೋಡ್‌ಗೆ ಹೋದ್ರೆ ಹಳೇ ರ‍್ಯಾಮ್‌ನ ಸ್ಪೀಡು, ಡಿಡಿಆರ್4 ಅಥವಾ ಡಿಡಿಆರ್5 ಅನ್ನೋದು ಬರ್ಕೊಂಡು ಹೋಗಿ, ಅಂಗಡಿಯಲ್ಲೇ ಹಾಕಿಸಿ, ದುಡ್ಡು ಕೊಡೋ ಮುಂಚೆ ಇದೇ ಪುಟದಲ್ಲಿ ಸ್ಪೀಡ್ ಎಷ್ಟು ತೋರಿಸ್ತಿದೆ ಅಂತ ನೋಡಿ. ಡೆಸ್ಕ್‌ಟಾಪ್ ಇರೋರು 3200 ಅಂತ ಬರೆದಿರೋ ರ‍್ಯಾಮ್ ಹಾಕಿಸಿ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಬರೆದಿರೋ ಸ್ಪೀಡಲ್ಲೇ ಓಡಿಸೋ ಸೆಟ್ಟಿಂಗ್) ಆನ್ ಮಾಡೋದನ್ನ ಮರೆತಿರ್ತಾರೆ, ಅದು 2133ರಲ್ಲೋ 2400ರಲ್ಲೋ ಓಡ್ತಿರತ್ತೆ. ಹೀಗಿದ್ರೆ ಒಂದು ಪೈಸೆ ಖರ್ಚಿಲ್ಲದೆ ಸರಿ ಹೋಗತ್ತೆ.

ಹೆಜ್ಜೆ 4: ಗ್ರಾಫಿಕ್ಸ್ ಕಾರ್ಡಿನ ಮೆಮೊರಿ

ಡೆಡಿಕೇಟೆಡ್ ಜಿಪಿಯು ಮೆಮೊರಿ ಪೂರ್ತಿ ತುಂಬಿದ್ರೆ ಮಿಕ್ಕಿದ್ದು ಸಾಮಾನ್ಯ ರ‍್ಯಾಮ್‌ಗೆ ಹರೀತದೆ, ಅಲ್ಲಿಂದ ಓದೋದು ತುಂಬಾ ನಿಧಾನ, 40 ಇದ್ದ ಫ್ರೇಮ್ ಇದ್ದಕ್ಕಿದ್ದ ಹಾಗೆ ಒಂದಂಕಿಗೆ ಬೀಳತ್ತೆ. ಗ್ರಾಫಿಕ್ಸ್ ಮೆಮೊರಿಯನ್ನ ಸಿಮ್ ಒಂದೇ ಬಳಸಲ್ಲ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಮೇಲಿನ ಸಾಲಿಗೆ ರೈಟ್ ಕ್ಲಿಕ್ ಮಾಡಿ 'ಡೆಡಿಕೇಟೆಡ್ ಜಿಪಿಯು ಮೆಮೊರಿ' ಕಾಲಂ ಸೇರಿಸಿದ್ರೆ ಬ್ರೌಸರು, ಡಿಸ್ಕಾರ್ಡು, ಓಡಾಡೋ ವಾಲ್‌ಪೇಪರು ಯಾವುದು ಎಷ್ಟು ಹಿಡ್ಕೊಂಡಿದೆ ಅಂತ ಕಾಣತ್ತೆ. 4 ಅಥವಾ 6 ಜಿಬಿ ಕಾರ್ಡ್ ಇರೋರಿಗೆ ಅವನ್ನ ಮುಚ್ಚೋದೇ ದೊಡ್ಡ ಲಾಭ. ಆಮೇಲೂ ತುಂಬ್ತಿದ್ರೆ ಟೆಕ್ಸ್‌ಚರ್ ರೆಸಲ್ಯೂಷನ್ ಒಂದು ಮೆಟ್ಟಿಲು ಇಳಿಸಿ. ಕಾರ್ಡೇ ಸೋಲ್ತಿದ್ರೆ ಮೋಡಗಳನ್ನ ಅಲ್ಟ್ರಾದಿಂದ ಹೈಗೆ ತನ್ನಿ, ರೆಂಡರ್ ಸ್ಕೇಲಿಂಗ್ ಸ್ವಲ್ಪ ಇಳಿಸಿ.

ಹೆಜ್ಜೆ 5: ಮೇನ್ ಥ್ರೆಡ್ ಭಾರ

ಫಲಕದಲ್ಲಿ 'ಮೇನ್‌ಥ್ರೆಡ್' ಬಂದೋರಿಗೆ ಇದು. ಟೆರೇನ್ ಲೆವೆಲ್ ಆಫ್ ಡೀಟೇಲ್ (ನೆಲದ ದೃಶ್ಯ ಎಷ್ಟು ದೂರದವರೆಗೆ ವಿವರವಾಗಿ ಕಾಣ್ಬೇಕು ಅನ್ನೋದು) ಸ್ಲೈಡರ್ ಅನ್ನ 200ರಲ್ಲಿ ಇಟ್ಟಿದ್ರೆ 100ಕ್ಕೆ ತನ್ನಿ, ಮೊದ್ಲು ಇದೊಂದನ್ನೇ ಮಾಡಿ ಪರೀಕ್ಷಾ ಹಾರಾಟ ಮಾಡಿ. ಆಮೇಲೆ ಏರ್‌ಪೋರ್ಟ್ ವಾಹನಗಳು, ನಿಂತಿರೋ ವಿಮಾನಗಳು, ಲೈವ್ ಟ್ರಾಫಿಕ್ ಕಮ್ಮಿ ಮಾಡಿ. 2020ರಲ್ಲಿ ಗ್ಲಾಸ್ ಕಾಕ್‌ಪಿಟ್ ರಿಫ್ರೆಶ್ ರೇಟ್ ಅಂತ ಇರೋದನ್ನ ಮೀಡಿಯಂ ಮಾಡಿ, ಏರ್‌ಬಸ್ ಥರ ಪರದೆ ತುಂಬಿದ ಕಾಕ್‌ಪಿಟ್‌ನಲ್ಲಿ ಇದರ ಪರಿಣಾಮ ಕಾಣತ್ತೆ. ಸೆಸ್ನಾ 172ರಲ್ಲಿ ನಯವಾಗಿದ್ದು ಎ320ರಲ್ಲಿ ತಡವರಿಸಿದ್ರೆ ದೃಶ್ಯಕ್ಕಿಂತ ವಿಮಾನದ ಸಿಸ್ಟಂಗಳೇ ಭಾರ ಅಂತ ಅರ್ಥ ಮಾಡ್ಕೊಳ್ಳಿ. ಹೊರಗಿಂದ ತಂದ ಆ್ಯಡ್‌ಆನ್‌ಗಳನ್ನ ಹಾಕೋ ಕಮ್ಯುನಿಟಿ ಫೋಲ್ಡರ್‌ನಲ್ಲಿ ಬಿಟ್ಟಿ ಸಿಕ್ತು ಅಂತ ತುಂಬಿಸಿರೋ ಆ್ಯಡ್‌ಆನ್‌ಗಳನ್ನ ಪೂರ್ತಿ ಹೊರಗೆ ತೆಗೆದು ಒಂದ್ಸಲ ಹಾರಿಸಿ, ಸರಿ ಹೋದ್ರೆ ಅರ್ಧರ್ಧ ವಾಪಸ್ ಹಾಕ್ತಾ ತಪ್ಪಿತಸ್ಥನನ್ನ ಹಿಡೀರಿ. ಆಮೇಲೆ ಆ್ಯಡ್‌ಆನ್ಸ್ ಲಿಂಕರ್ ಹಾಕ್ಕೊಳ್ಳಿ, ಉಚಿತ, ಆ ದಿನದ ಹಾರಾಟಕ್ಕೆ ಬೇಕಾದ್ದನ್ನ ಮಾತ್ರ ಆನ್ ಮಾಡ್ಬೋದು.

ಹೆಜ್ಜೆ 6: ಫ್ರೇಮ್‌ಗೆ ಮಿತಿ ಹಾಕಿ

60 ಹರ್ಟ್ಸ್ ಮಾನಿಟರ್ ಇರೋರೆಲ್ಲ ಸೆಕೆಂಡಿಗೆ 30 ಫ್ರೇಮ್‌ಗೆ ಲಾಕ್ ಮಾಡಿ, ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಮ್ಯಾಕ್ಸ್ ಫ್ರೇಮ್ ರೇಟ್' ಸಾಕು. 30 ಅಂದ್ರೆ ಕಮ್ಮಿ ಅನ್ನೋರಿಗೆ ನಾನು ಹೇಳೋದು, ಒಂದ್ಸಲ 50, ಒಂದ್ಸಲ 25 ಅಂತ ಕುಣಿಯೋದಕ್ಕಿಂತ ಪ್ರತಿ ಫ್ರೇಮೂ ಸರಿಯಾಗಿ 33 ಮಿಲಿಸೆಕೆಂಡ್‌ಗೆ ಒಂದು ಬರೋದು ಕಣ್ಣಿಗೆ ಎಷ್ಟೋ ನಯ. ಮಿತಿ ಹಾಕಿದಾಗ ಪ್ರೊಸೆಸರ್‌ಗೆ ಪ್ರತಿ ಫ್ರೇಮ್ ನಂತರ ಸ್ವಲ್ಪ ಬಿಡುವು ಸಿಗತ್ತೆ, ಮುಂದೆ ಬರೋ ಏರ್‌ಪೋರ್ಟ್ ಲೋಡ್ ಮಾಡೋ ಕೆಲಸ ಆ ಬಿಡುವಿನಲ್ಲಿ ಆಗತ್ತೆ. ಲ್ಯಾಪ್‌ಟಾಪ್ ಬಿಸಿಯೂ ಇಳಿಯತ್ತೆ, ಬಿಸಿ ಏರಿದ್ರೆ ಅದು ತಾನಾಗೇ ಸ್ಪೀಡ್ ಇಳಿಸ್ಕೊಳ್ಳತ್ತೆ ಅನ್ನೋದು ನೆನಪಿರ್ಲಿ, ಎರಡು ಗಂಟೆ ಹಾರಾಟದ ಕೊನೇಲಿ ಮಾತ್ರ ತಡವರಿಸೋಕೆ ಎಷ್ಟೋ ಸಲ ಇದೇ ಕಾರಣ. ಚಾರ್ಜರ್ ಹಾಕೇ ಹಾರಿಸಿ, ಹಾಸಿಗೆ ಮೇಲೆ ಇಡಬೇಡಿ, ಫ್ಯಾನ್‌ನ ಧೂಳು ತೆಗೆಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ಪರೀಕ್ಷಾ ಹಾರಾಟ, ಮತ್ತೆ ಅಂಕಿ ಬರ್ಕೊಳ್ಳಿ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದ ಮೇಲಿನ ಮೊದಲನೇ ಹಾರಾಟದಲ್ಲಿ ಸ್ವಲ್ಪ ತಡವರಿಕೆ ಬಂದೇ ಬರತ್ತೆ, ಹಳೇ ಶೇಡರ್ ಕ್ಯಾಶ್ (ಚಿತ್ರ ಬಿಡಿಸೋಕೆ ಕಾರ್ಡಿಗೆ ಸಿದ್ಧ ಮಾಡಿಟ್ಟಿರೋ ಕೋಡ್) ಹೋಗಿ ಹೊಸದು ಕಟ್ಕೋತಿರತ್ತೆ. ಅವತ್ತು ಯಾವ ಸೆಟ್ಟಿಂಗೂ ಮುಟ್ಬೇಡಿ, ಎರಡನೇ ಹಾರಾಟದ ಅಂಕಿ ನೋಡಿ ತೀರ್ಮಾನ ಮಾಡಿ.