1932-33ರ ಸೋವಿಯತ್ ಕ್ಷಾಮದ ಲೆಕ್ಕ ಓದುವುದು ಹೇಗೆ

ಸ್ಟಾಲಿನ್ ಕಾಲದ ಕ್ಷಾಮದ ಮಾತು ಬಂದರೆ ಜನ ಮೊದಲು ಕೇಳುವುದು ಎಷ್ಟು ಜನ ಸತ್ತರು ಅಂತ. ಅಲ್ಲಿಗೆ ಜಗಳ ಶುರು. ಒಬ್ಬರು 50 ಲಕ್ಷ ಎನ್ನುತ್ತಾರೆ, ಇನ್ನೊಬ್ಬರು 80 ಲಕ್ಷ ಎನ್ನುತ್ತಾರೆ, ಮತ್ತೊಬ್ಬರು ಮಳೆ ಕೈಕೊಟ್ಟರೆ ಯಾರೇನು ಮಾಡೋಕಾಗುತ್ತೆ ಎನ್ನುತ್ತಾರೆ. ನಿಮಗೆ ನಿಜವಾಗಿ ತಿಳಿಯಬೇಕು ಅಂತಿದ್ದರೆ ಸಾವಿನ ಲೆಕ್ಕವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಕಾಳಿನ ಹಿಂದೆ ಹೋಗಿ: ಹೊಲದಿಂದ ಕಣಕ್ಕೆ, ಕಣದಿಂದ ಸರ್ಕಾರದ ಗೋದಾಮಿಗೆ, ಅಲ್ಲಿಂದ ಬಂದರಿಗೆ.

ಲೇವಿಯಿಂದ ಶುರು ಮಾಡಿ. 1928ರಲ್ಲಿ ಸರ್ಕಾರ ರೈತರಿಂದ ಎತ್ತಿದ ಧಾನ್ಯ ಸುಮಾರು 1.1 ಕೋಟಿ ಟನ್. 1931ರಲ್ಲಿ ಅದು 2.2 ಕೋಟಿ ಟನ್ ದಾಟಿತು. ಬೆಳೆಯೇನೂ ಎರಡು ಪಟ್ಟು ಆಗಿರಲಿಲ್ಲ. 1929ರ ಕೊನೆಯಿಂದ ಹಳ್ಳಿ ಹಳ್ಳಿಯಲ್ಲೂ ಜಮೀನು, ಕುದುರೆ, ನೇಗಿಲು ಎಲ್ಲವನ್ನೂ ಕೋಲ್ಖೋಜ್ ಎಂಬ ಸಾಮೂಹಿಕ ಬೇಸಾಯಕ್ಕೆ ಸೇರಿಸಿದರು. ಸ್ವಲ್ಪ ಉಳ್ಳವರು, ಎದುರು ಮಾತಾಡಿದವರು 'ಕುಲಕ್' ಅನ್ನಿಸಿಕೊಂಡರು. 1930 ಮತ್ತು 1931, ಈ ಎರಡೇ ವರ್ಷದಲ್ಲಿ ಸುಮಾರು 18 ಲಕ್ಷ ಜನರನ್ನು, ಮಕ್ಕಳು ಮುದುಕರು ಎನ್ನದೆ, ಉರಲ್‌ಗೆ, ಸೈಬೀರಿಯಾಕ್ಕೆ, ಉತ್ತರದ ಕಾಡುಗಳಿಗೆ ಸಾಗಿಸಿದರು. ಹೇಗೂ ಕಿತ್ತುಕೊಂಡು ಹೋಗುತ್ತಾರೆ ಅಂತ ರೈತರು ಸಾಕಿದ ದನಗಳನ್ನು ಕಡಿದು ತಿಂದರು. ಉಳಿದವು ಮೇವಿಲ್ಲದೆ ಸತ್ತವು. 1933ರ ಹೊತ್ತಿಗೆ ದೇಶದ ಕುದುರೆಗಳು ಅರ್ಧಕ್ಕೆ ಇಳಿದಿದ್ದವು, ಟ್ರಾಕ್ಟರ್ ಇನ್ನೂ ಸಾಕಷ್ಟು ಬಂದಿರಲಿಲ್ಲ. ಉಳುವುದಕ್ಕೇ ಶಕ್ತಿ ಇಲ್ಲದ ಹೊಲದಿಂದ ಎರಡು ಪಟ್ಟು ಕಾಳು ಕೇಳುತ್ತಿದ್ದರು ಅನ್ನುವುದು ಇಲ್ಲಿ ಗಮನಿಸಬೇಕಾದ ವಿಷಯ.

ಬೆಳೆಯ ಅಂಕಿ ಕಂಡಾಗ ಹುಷಾರು. 1932ರ ಬೆಳೆ ಸುಮಾರು 7 ಕೋಟಿ ಟನ್ ಅಂತ ಸರ್ಕಾರ ಹೇಳಿತು. ಆಮೇಲೆ ದಾಖಲೆ ಜಾಲಾಡಿದ ಹಲವು ಇತಿಹಾಸಕಾರರು 6 ಕೋಟಿಗೂ ಕಡಿಮೆ ಎನ್ನುತ್ತಾರೆ. 1933ರಿಂದಂತೂ ಹೊಲದಲ್ಲಿ ನಿಂತ ಪೈರನ್ನೇ ನೋಡಿ ಅಂದಾಜು ಬರೆಯತೊಡಗಿದರು. ಕೊಯ್ಯುವಾಗ ಉದುರಿದ್ದು, ಮಳೆಗೆ ಕೊಳೆತದ್ದು, ಇಲಿ ತಿಂದದ್ದು ಎಲ್ಲ ಆ ಲೆಕ್ಕದಲ್ಲಿ ಕಾಳೇ. ಲೇವಿ ನಿಗದಿಯಾಗುತ್ತಿದ್ದದ್ದು ಇಂಥ ಅಂದಾಜಿನ ಮೇಲೆ. ಹಾಗಾಗಿ ಯಾವ ಅಂಕಿ ಸಿಕ್ಕರೂ ಅದು ಪೈರಿನದೋ ಕಣದ್ದೋ ನೋಡಿಕೊಳ್ಳಿ.

ಈಗ ಬಂದರಿಗೆ ಬನ್ನಿ. 1931ರಲ್ಲಿ ಹೊರದೇಶಕ್ಕೆ ಹೋದ ಧಾನ್ಯ ಸುಮಾರು 52 ಲಕ್ಷ ಟನ್. ಯಂತ್ರ ಕೊಳ್ಳಲು ವಿದೇಶಿ ಹಣ ಬೇಕಿತ್ತು, ಜಗತ್ತಿನ ಮಾರುಕಟ್ಟೆಯಲ್ಲಿ ಗೋಧಿ ಬೆಲೆ ಬಿದ್ದುಹೋಗಿತ್ತು, ಅಷ್ಟೇ ಹಣಕ್ಕೆ ಜಾಸ್ತಿ ಕಾಳು ಕಳಿಸಬೇಕಾಯಿತು. 1932ರಲ್ಲಿ ರಫ್ತು ಇಳಿಯಿತು ನಿಜ, ಆದರೂ 17 ಲಕ್ಷ ಟನ್ ಆಸುಪಾಸು ಹೋಯಿತು. ನೀವೇ ಲೆಕ್ಕ ಹಾಕಿ. ಒಬ್ಬರಿಗೆ ವರ್ಷಕ್ಕೆ 200 ಕೆಜಿ ಅಂತ ಹಿಡಿದರೆ ಅದು 85 ಲಕ್ಷ ಜನರ ಒಂದು ವರ್ಷದ ಊಟ.

ಇದಾದ ಮೇಲೆ ಒಂದು ಹಾಳೆಯ ಮೇಲೆ ಆದೇಶಗಳನ್ನು ತಾರೀಖಿನ ಪ್ರಕಾರ ಬರೆದುಕೊಳ್ಳಿ. ಇದೊಂದು ಕೆಲಸವನ್ನು ತಪ್ಪಿಸಬೇಡಿ. 1932ರ ಆಗಸ್ಟ್ 7: ಕೋಲ್ಖೋಜ್ ಆಸ್ತಿ ಕದ್ದರೆ ಮರಣದಂಡನೆ, ಇಲ್ಲವೇ 10 ವರ್ಷ ಸೆರೆ. ಕೊಯ್ಲಾದ ಹೊಲದಲ್ಲಿ ತೆನೆ ಆಯ್ದ ಹೆಂಗಸರೂ ಇದಕ್ಕೆ ಸಿಕ್ಕಿಬಿದ್ದರು. ನವೆಂಬರ್: ಉಕ್ರೇನ್‌ನಲ್ಲಿ ಲೇವಿ ತುಂಬದ ಹಳ್ಳಿಗಳು ಕಪ್ಪುಪಟ್ಟಿಗೆ, ಅಲ್ಲಿನ ಅಂಗಡಿಗಳಿಂದ ಸಾಮಾನು ವಾಪಸ್. ಡಿಸೆಂಬರ್ 27: ಪಟ್ಟಣದವರಿಗೆ ಒಳನಾಡಿನ ಪಾಸ್‌ಪೋರ್ಟ್, ಅಂದರೆ ಪಟ್ಟಣದಲ್ಲಿ ವಾಸಿಸಲು ಬೇಕಾದ ಗುರುತಿನ ಪತ್ರ, ಕೋಲ್ಖೋಜ್ ರೈತರಿಗೆ ಇಲ್ಲ. 1933ರ ಜನವರಿ 22: ಉಕ್ರೇನ್ ಮತ್ತು ಅದರ ಹತ್ತಿರದ ರಷ್ಯಾದ ಕುಬಾನ್ ಪ್ರದೇಶದ ರೈತರು ಊರು ಬಿಟ್ಟು ಹೋಗದಂತೆ ತಡೆಯಿರಿ ಅಂತ ಸ್ಟಾಲಿನ್ ಮತ್ತು ಪ್ರಧಾನಿ ಮೊಲೊಟೊವ್ ಸಹಿ ಹಾಕಿದ ಆದೇಶ. ಲೇವಿಯ ಗುರಿಯನ್ನು ಕೆಲವು ಬಾರಿ ಇಳಿಸಿದ್ದೂ ಉಂಟು, 1933ರಲ್ಲಿ ಬೀಜ ಮತ್ತು ಆಹಾರ ಸಾಲ ಕೊಟ್ಟಿದ್ದೂ ಉಂಟು. ಅವನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಮಳೆ ಎಲ್ಲಿಗೆ ಮುಗಿದು ಸರ್ಕಾರ ಎಲ್ಲಿಂದ ಶುರುವಾಯಿತು ಅನ್ನುವುದು ಆಗ ಕಣ್ಣಿಗೆ ಕಾಣುತ್ತದೆ.

ಮನೆಯೊಳಗಿನ ಲೆಕ್ಕ ಬೇರೆ. ಕೋಲ್ಖೋಜ್‌ನಲ್ಲಿ ದಿನದ ಕೆಲಸಕ್ಕೆ ಪುಸ್ತಕದಲ್ಲಿ ಒಂದು ಗೀಟು ಬೀಳುತ್ತಿತ್ತು. ಕೂಲಿ ಸಿಗುವುದು ವರ್ಷದ ಕೊನೆಗೆ, ಅದೂ ಲೇವಿ, ಬೀಜ, ಟ್ರಾಕ್ಟರ್ ಬಾಡಿಗೆ ಎಲ್ಲ ಹೋಗಿ ಉಳಿದದ್ದರಲ್ಲಿ. ಏನೂ ಉಳಿಯದಿದ್ದರೆ ವರ್ಷವಿಡೀ ದುಡಿದದ್ದಕ್ಕೆ ಗೀಟುಗಳಷ್ಟೇ. ಆಗ ಜನ ತೋರ್ಗ್ಸಿನ್ ಎಂಬ ಸರ್ಕಾರಿ ಅಂಗಡಿಗೆ ಹೋಗುತ್ತಿದ್ದರು. ಅಲ್ಲಿ ರೂಬಲ್ ನಡೆಯುತ್ತಿರಲಿಲ್ಲ. ಮದುವೆಯ ಉಂಗುರ, ಕೊರಳ ಶಿಲುಬೆ, ಬೆಳ್ಳಿ ಚಮಚ ತಕ್ಕಡಿಗೆ ಹಾಕಿ ಹಿಟ್ಟು ತರಬೇಕು. ಉಂಗುರವೂ ಇಲ್ಲದವರು ಹುಲ್ಲು, ಮರದ ತೊಗಟೆ ಬೇಯಿಸಿಕೊಂಡರು.

ಉಕ್ರೇನ್ ಓದಿ ಅಲ್ಲೇ ನಿಲ್ಲಬೇಡಿ. ಕಜಾಕಿಸ್ತಾನ್‌ನಲ್ಲಿ ದನ ಕುರಿ ಮೇಯಿಸುತ್ತಾ ಅಲೆಯುವ ಜನರಿಂದ ಮಂದೆಗಳನ್ನೇ ಕಿತ್ತುಕೊಂಡು ಒಂದೆಡೆ ನೆಲೆ ನಿಲ್ಲಿ ಎಂದರು. ಸತ್ತವರು ಸುಮಾರು 15 ಲಕ್ಷ, ಕಜಾಕರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಇಷ್ಟು ದೊಡ್ಡ ಸಂಗತಿ ನಮ್ಮ ಓದಿನಲ್ಲಿ ಎಲ್ಲೂ ಬರುವುದೇ ಇಲ್ಲ, ಅದು ನನಗೆ ತುಂಬಾ ನೋವಿನ ವಿಷಯ.

ಈಗ ಸಾವಿನ ಲೆಕ್ಕಕ್ಕೆ ಬನ್ನಿ. ಇಡೀ ದೇಶಕ್ಕೆ 55 ಲಕ್ಷದಿಂದ 87 ಲಕ್ಷದವರೆಗೆ, ಉಕ್ರೇನ್‌ಗೆ 35ರಿಂದ 39 ಲಕ್ಷ ಎಂಬ ಅಂದಾಜುಗಳಿವೆ. ಇಷ್ಟು ಅಂತರ ಯಾಕೆ ಅಂದರೆ ಎಷ್ಟೋ ಸಾವು ದಾಖಲಾಗಲೇ ಇಲ್ಲ. 1937ರ ಜನಗಣತಿಯಲ್ಲಿ 16.2 ಕೋಟಿ ಜನ ಸಿಕ್ಕರು. ಸ್ಟಾಲಿನ್ 1934ರಲ್ಲೇ 16.8 ಕೋಟಿ ಎಂದು ಹೇಳಿಬಿಟ್ಟಿದ್ದರು. ಗಣತಿಯನ್ನು ರದ್ದು ಮಾಡಿದರು, ನಡೆಸಿದವರನ್ನು ಬಂಧಿಸಿದರು, ಅದರ ಮುಖ್ಯ ಅಧಿಕಾರಿ ಒಲಿಂಪಿ ಕ್ವಿಟ್ಕಿನ್‌ರನ್ನು ಗುಂಡಿಟ್ಟು ಕೊಂದರು.

ಇಷ್ಟು ಓದಿದ ಮೇಲೆ 1921ರ ವೋಲ್ಗಾ ಕ್ಷಾಮವನ್ನು ಪಕ್ಕದಲ್ಲಿಟ್ಟು ನೋಡಿ. ಅದೇ ಕಮ್ಯುನಿಸ್ಟ್ ಪಕ್ಷ, ಅಲ್ಲೂ ಕಾಳು ಕಿತ್ತುಕೊಂಡ ನೀತಿ, ಅದರ ಮೇಲೆ ಬರ. ಆದರೆ ಆಗ ಲೇಖಕ ಗೋರ್ಕಿ ಜಗತ್ತಿನ ಮುಂದೆ ಸಹಾಯ ಕೇಳಿದರು, ಲೆನಿನ್ ಸರ್ಕಾರ ಅಮೆರಿಕದ ನೆರವು ಸಂಸ್ಥೆಯನ್ನು ಒಳಗೆ ಬಿಟ್ಟಿತು, 1922ರ ಬೇಸಿಗೆಯಲ್ಲಿ ಆ ಸಂಸ್ಥೆ ದಿನಕ್ಕೆ ಸುಮಾರು 1 ಕೋಟಿ ಜನರಿಗೆ ಊಟ ಹಾಕಿತು. 1933ರಲ್ಲಿ ಸರ್ಕಾರ ಕ್ಷಾಮವೇ ಇಲ್ಲ ಎಂದಿತು, ಹಾಗಾಗಿ ಯಾರಿಂದಲೂ ಊಟ ಕೇಳಲಿಲ್ಲ.