ಹೊಸ ಎಸಿಗೆ ಗೋಡೆಯೊಳಗಿನ ಹಳೇ ತಾಮ್ರದ ಪೈಪು ನಡೆಯುತ್ತಾ?

"ಗೋಡೆ ಒಡೀದೆ ಆಗಲ್ವಾ ಸರ್?" ಎಸಿ ಬದಲಾಯಿಸೋಕೆ ಹೋದ ಕಡೆಯೆಲ್ಲ ಮೊದಲು ಕೇಳೋದು ಇದನ್ನೇ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಪೈಪು ಪ್ಲಾಸ್ಟರಿನೊಳಗೆ ಹೂತಿರುತ್ತೆ. ಎಷ್ಟೋ ಸಲ ಹಳೇದೇ ನಡೆಯುತ್ತೆ, ಆದರೆ ಪರೀಕ್ಷೆ ಮಾಡದೆ ನಾನು ಮಾತು ಕೊಡೋದಿಲ್ಲ.

ಹಳೇ ಮೆಷಿನ್ ಓಡ್ತಿದ್ದರೆ ಸ್ವಲ್ಪ ಹೊತ್ತು ಕೂಲಿಂಗಿನಲ್ಲಿ ಬಿಟ್ಟು, ಗ್ಯಾಸನ್ನು ಹೊರಗಿನ ಯೂನಿಟ್ಟಿಗೆ ಎಳೆದುಕೊಳ್ಳೋ ಪಂಪ್‌ಡೌನ್ ಮಾಡ್ತೀನಿ. ಗ್ಯಾಸಿನ ಜೊತೆ ಪೈಪಿನ ಆಯಿಲೂ ಬಹುಪಾಲು ಔಟ್‌ಡೋರಿಗೆ ವಾಪಸ್ ಹೋಗುತ್ತೆ. ಹಳೇ ಆರ್-22 ಗ್ಯಾಸಿನ ಮೆಷಿನ್ನಿನಲ್ಲಿರೋದು ಮಿನರಲ್ ಆಯಿಲ್; ಈಗಿನ ಆರ್-32 ಗ್ಯಾಸಿನ ಆಯಿಲ್‌ಗೂ ಅದಕ್ಕೂ ಹೊಂದೋದಿಲ್ಲ. ಉಳಿದದ್ದನ್ನು ಫ್ಲಶಿಂಗ್ ಕೆಮಿಕಲ್ ಹಾಕಿ, ನೈಟ್ರೋಜನ್ ಊದಿ, ತುದಿಗೆ ಹಿಡಿದ ಬಿಳಿ ಬಟ್ಟೆ ಬೆಳ್ಳಗೇ ಇರೋವರೆಗೂ ತೆಗೀಬೇಕು. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಹಳೇ ಕಂಪ್ರೆಸರ್ ಸುಟ್ಟಿದೆ ಅಂತ ಅರ್ಥ. ಆ ಪೈಪನ್ನು ನಾನು ಉಳಿಸೋದಿಲ್ಲ.

ಅಳತೆಗೆ ಹೊಸ ಮೆಷಿನ್ನಿನ ಮ್ಯಾನ್ಯುಯಲ್ ನೋಡಿ, ಟನ್ ನೋಡಿ ಊಹೆ ಮಾಡಬೇಡಿ. ಒಂದೂವರೆ ಟನ್ನಿಗೆ ಸಾಮಾನ್ಯವಾಗಿ ಲಿಕ್ವಿಡ್ ಲೈನ್ (ಒಳಗಿನ ಯೂನಿಟ್ಟಿಗೆ ದ್ರವ ಒಯ್ಯೋ ಪೈಪು) ಕಾಲು ಇಂಚು, ಸಕ್ಷನ್ (ಕಂಪ್ರೆಸರಿಗೆ ಗ್ಯಾಸು ವಾಪಸ್ ತರೋ ಪೈಪು) ಅರ್ಧ ಇಂಚು; ಕೆಲವು ಮಾಡೆಲ್ಲಿಗೆ ಸಕ್ಷನ್ 3/8. ಅರ್ಧ ಇಂಚು ಬೇಕಾದ ಕಡೆ 3/8 ಇದ್ದರೆ ಕೂಲಿಂಗ್ ಬೀಳುತ್ತೆ, ಕಂಪ್ರೆಸರ್ ಬಿಸಿಯಾಗುತ್ತೆ. 5/8 ಇದ್ದರೆ ಇನ್ವರ್ಟರ್ ಎಸಿಯ ಕಂಪ್ರೆಸರ್ ನಿಧಾನಕ್ಕೆ ಓಡುವಾಗ ಆಯಿಲ್ ವಾಪಸ್ ಬರೋದಿಲ್ಲ. ಅಡಾಪ್ಟರ್ ಹಾಕಿ ನಟ್ ಕೂರಿಸಬಹುದು, ಒಳಗಿನ ಪೈಪು ಬದಲಾಗಲ್ಲವಲ್ಲ.

ಆಮೇಲೆ ದಪ್ಪ. ತುದಿ ಕತ್ತರಿಸಿ, ರೀಮರ್ ಹಾಕಿ, ವರ್ನಿಯರ್‌ನಲ್ಲಿ ಹೊರಗಿನ ಅಳತೆಯಿಂದ ಒಳಗಿನದನ್ನು ಕಳೆದು ಎರಡರಿಂದ ಭಾಗಿಸ್ತೀನಿ. ಅರ್ಧ ಇಂಚಿಗೆ 0.8 ಮಿ.ಮೀ., 5/8ಕ್ಕೆ 1 ಮಿ.ಮೀ. ಇರಬೇಕು. ಆರ್-22 ಕಂಡೆನ್ಸರಿನ (ಹೊರಗೆ ಬಿಸಿ ಬಿಡೋ ಕಾಯಿಲ್) ಒತ್ತಡ 45 ಡಿಗ್ರಿಯಲ್ಲಿ ಸುಮಾರು 240 ಪಿಎಸ್‌ಐ ಇದ್ದರೆ ಆರ್-32 ಸುಮಾರು 390ಕ್ಕೆ ಹೋಗುತ್ತೆ. ಬಿಲ್ಡರ್ ದುಡ್ಡು ಉಳಿಸೋಕೆ ಹಾಕಿದ ತೆಳು ಪೈಪು ಮೊದಲು ಫ್ಲೇರಿನಲ್ಲೇ (ನಟ್ ಕೂರಿಸೋಕೆ ಅಗಲ ಮಾಡಿದ ಬಾಯಿ) ಸೀಳುತ್ತೆ. ಹಳೇ ನಟ್ಟನ್ನೂ ಬಳಸಬೇಡಿ: ಅರ್ಧ ಇಂಚಿನ ಆರ್-22 ನಟ್ಟಿಗೆ 24ರ ಸ್ಪ್ಯಾನರ್, ಆರ್-32ರದ್ದಕ್ಕೆ 26.

ಲೀಕ್ ಟೆಸ್ಟಿಗೆ ನೈಟ್ರೋಜನ್ ಮಾತ್ರ. ಆಕ್ಸಿಜನ್ ಆಯಿಲಿಗೆ ತಗುಲಿದರೆ ಸ್ಫೋಟವಾಗುತ್ತೆ. ಸಂಜೆ 30 ಡಿಗ್ರಿಯಲ್ಲಿ 400 ಪಿಎಸ್‌ಐ ತುಂಬಿ ರಾತ್ರಿ ಬಿಟ್ಟರೆ, ಬೆಳಗ್ಗೆ 20 ಡಿಗ್ರಿಗೆ 386ರ ಸುತ್ತ ತೋರಿಸುತ್ತೆ. ಅದು ಲೀಕ್ ಅಲ್ಲ, ಚಳಿ. ಅದಕ್ಕಿಂತ ಇಳಿದರೆ ಸೋಪಿನ ನೊರೆ ಹಚ್ಚಿ ಜಾಯಿಂಟುಗಳನ್ನು ಹುಡುಕಬೇಕು. ಗೋಡೆಯೊಳಗೆ ಫ್ಲೇರ್ ಜಾಯಿಂಟ್ ಇದೆ ಅಂತ ಗೊತ್ತಾದರೆ ಅಷ್ಟು ಭಾಗ ಒಡೆದು ಬ್ರೇಜಿಂಗ್ (ಬೆಂಕಿಯ ಬೆಸುಗೆ) ಮಾಡಿಸಿ. ಆರ್-32 ಬೆಂಕಿ ಹತ್ತಿಕೊಳ್ಳೋ ಗ್ಯಾಸು.

ಕೊನೆಗೆ ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆಯೋದು. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಮುಳ್ಳಿನ ಗೇಜು 27 ಇಂಚಿನ (ಪಾದರಸದ ಅಳತೆ) ಹತ್ತಿರ ನಿಂತುಬಿಡುತ್ತೆ, 30 ಮುಟ್ಟೋದಿಲ್ಲ. ಪಂಪು ಕೆಟ್ಟಿದೆ ಅಂತ ಗಾಬರಿಯಾಗಬೇಡಿ, ಹಾಗಂತ ಅಷ್ಟಕ್ಕೇ ಮುಗೀತು ಅಂತಲೂ ಅಂದುಕೊಳ್ಳಬೇಡಿ. ವ್ಯಾಕ್ಯೂಮನ್ನು ಸೂಕ್ಷ್ಮವಾಗಿ ಅಳೆಯೋ ಮೈಕ್ರಾನ್ ಗೇಜಿನಲ್ಲಿ 500ಕ್ಕಿಂತ ಕೆಳಗೆ ಇಳಿಸಿ, ಪಂಪು ಮುಚ್ಚಿ, ಹತ್ತು ನಿಮಿಷ ಕಾಯಿರಿ. ಸ್ವಲ್ಪ ಏರಿ ನಿಂತರೆ ಒಳಗೆ ತೇವ ಇದೆ, ಇನ್ನಷ್ಟು ಎಳೀಬೇಕು. ಏರುತ್ತಲೇ ಹೋದರೆ ಲೀಕ್.