ಲಾಭ ಪುಸ್ತಕದಲ್ಲಿ, ರೊಕ್ಕ ಗೋದಾಮಿನಲ್ಲಿ: ಬಿ.ಕಾಂ. ಓದಿದ ನನ್ನ ಅನುಭವ

ಹಾವೇರಿ ಜಿಲ್ಲೆಯ ಬ್ಯಾಡಗಿ ಕಡೆಯವನಾದ ನಾನು 2021ರಲ್ಲಿ ಪಿಯುಸಿ ಮುಗಿಸಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಬಿ.ಕಾಂ. ಪದವಿಗೆ ಸೇರಿದೆ. ಈಗ ಮೆಣಸಿನಕಾಯಿ ವ್ಯಾಪಾರಸ್ಥರ ಮತ್ತು ಕೆಲವು ಸಣ್ಣ ಅಂಗಡಿಕಾರರ ಲೆಕ್ಕಪತ್ರ ನೋಡಿಕೊಳ್ಳುವುದೇ ನನ್ನ ವೃತ್ತಿ. ಪಿಯುಸಿ ಮುಗಿಸಿದ ಹುಡುಗರು, ಹುಡುಗಿಯರು, ಕೆಲವೊಮ್ಮೆ ಅವರ ತಂದೆ-ತಾಯಿ, ವಾಣಿಜ್ಯ ಓದಿದರೆ ಏನು ಬರುತ್ತದೆ, ಬಿಬಿಎ ಒಳ್ಳೆಯದೋ ಬಿ.ಕಾಂ. ಒಳ್ಳೆಯದೋ ಎಂದು ನನ್ನನ್ನು ಕೇಳುತ್ತಿರುತ್ತಾರೆ. ಆ ಪ್ರಶ್ನೆಗಳಿಗೆ ಉತ್ತರಿಸುವ ಮೊದಲು ನಾನು ಹೇಗೆ ಓದಿದೆ ಎಂಬುದನ್ನು ವಿವರಿಸುತ್ತೇನೆ, ಏಕೆಂದರೆ ನನಗೆ ಈ ಪದವಿಯ ಪ್ರಯೋಜನ ದೊರೆತದ್ದು ಆ ಓದಿನ ಕ್ರಮದಿಂದ.

ಪ್ರತಿ ವಿಷಯಕ್ಕೂ ಒಂದು ದಪ್ಪ ನೋಟುಪುಸ್ತಕ ಇಟ್ಟುಕೊಂಡಿದ್ದೆ. ಬಲಪುಟದಲ್ಲಿ ತರಗತಿಯಲ್ಲಿ ಕಲಿಸಿದ್ದನ್ನು ಬರೆಯುತ್ತಿದ್ದೆ. ಎಡಪುಟವನ್ನು ಖಾಲಿ ಬಿಟ್ಟು, ಅದೇ ಸಂಗತಿ ನಮ್ಮ ಜಿಲ್ಲೆಯ ಯಾವ ವ್ಯಾಪಾರದಲ್ಲಿ, ಯಾವ ರೂಪದಲ್ಲಿ ಇದೆ ಎಂಬುದನ್ನು ಊರಿಗೆ ಹೋದಾಗ ಅಥವಾ ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ (ಕೃಷಿ ಮಾರುಕಟ್ಟೆ) ಪ್ರಾಂಗಣಕ್ಕೆ ಹೋದಾಗ ಕೇಳಿ ತುಂಬಿಸುತ್ತಿದ್ದೆ. ಎಡಪುಟ ಖಾಲಿ ಉಳಿದ ಪಾಠ ನನಗೆ ಇನ್ನೂ ತಿಳಿದಿಲ್ಲವೆಂದೇ ಭಾವಿಸುತ್ತಿದ್ದೆ.

ಇದರಿಂದ ಮೊದಲು ತೆರೆದುಕೊಂಡ ವಿಷಯವೆಂದರೆ ಅಂತಿಮ ದಾಸ್ತಾನು, ಅಂದರೆ ವರ್ಷದ ಕೊನೆಯ ದಿನ ಮಾರಾಟವಾಗದೆ ಉಳಿದ ಮಾಲು. ಪಠ್ಯಪುಸ್ತಕದ ಲೆಕ್ಕಗಳಲ್ಲಿ ಅದು ತಾಳೆಪಟ್ಟಿಯ (ಎಲ್ಲ ಖಾತೆಗಳ ಬಾಕಿಗಳನ್ನು ಒಟ್ಟಿಗೆ ಬರೆದ ಪಟ್ಟಿಯ) ಕೆಳಗೆ ‘ಹೊಂದಾಣಿಕೆಗಳು’ ಎಂಬ ಶೀರ್ಷಿಕೆಯಡಿ ಒಂದು ಸಾಲಾಗಿ ಬರುತ್ತದೆ, ವಿದ್ಯಾರ್ಥಿ ಅದನ್ನು ಎರಡು ಕಡೆ ಬರೆದು ಮುಂದೆ ಹೋಗುತ್ತಾನೆ. ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕ ಏರುವುದು ಜನವರಿಯಿಂದ ಮಾರ್ಚ್‌ವರೆಗಿನ ಸುಗ್ಗಿಯಲ್ಲಿ, ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಹೀಗಾಗಿ ಪುಸ್ತಕ ಮುಚ್ಚುವ ದಿನ ವ್ಯಾಪಾರಸ್ಥನ ಬಂಡವಾಳದ ಬಹುಪಾಲು ಚೀಲಗಳಲ್ಲಿ, ಕೋಲ್ಡ್ ಸ್ಟೋರೇಜಿನಲ್ಲಿ ಕುಳಿತಿರುತ್ತದೆ. ಆ ಒಂದು ಸಾಲಿನ ಅಂಕಿಯನ್ನು ಹೇಗೆ ಕಟ್ಟುತ್ತೇವೆ ಎಂಬುದರ ಮೇಲೆ ಇಡೀ ವರ್ಷದ ಲಾಭ ನಿಂತಿರುತ್ತದೆ. ಕೊಂಡ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ಸಿಗಬಹುದಾದ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿಯಬೇಕು ಎಂಬುದು ನಿಯಮ. ಕ್ವಿಂಟಲಿಗೆ 20,000 ರೂಪಾಯಿಯಂತೆ ಕೊಂಡ 100 ಕ್ವಿಂಟಲ್ ಮಾಲಿಗೆ ಮಾರ್ಚ್ 31ರಂದು 18,000 ರೂಪಾಯಿ ದರವಿದ್ದರೆ, ಒಂದು ಚೀಲವನ್ನೂ ಮಾರದಿದ್ದರೂ 2 ಲಕ್ಷ ರೂಪಾಯಿ ನಷ್ಟವನ್ನು ಅದೇ ವರ್ಷ ತೋರಿಸಬೇಕಾಗುತ್ತದೆ. ದರ 23,000 ರೂಪಾಯಿಗೆ ಏರಿದ್ದರೆ ಆ ಏರಿಕೆಯನ್ನು ಲಾಭವೆಂದು ಬರೆಯುವಂತಿಲ್ಲ. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಕಡಿಮೆ ಖಾರಕ್ಕೆ ಮತ್ತು ಗಾಢ ಕೆಂಪು ಬಣ್ಣಕ್ಕೆ. ಬಣ್ಣ ಮಾಸಿದರೆ ಬೆಲೆ ಇಳಿಯುವುದರಿಂದಲೇ ಅದನ್ನು ತಂಪಿನಲ್ಲಿ ಇಡುತ್ತಾರೆ. ಆದ್ದರಿಂದ ದಾಸ್ತಾನಿನ ಮೌಲ್ಯ ಕಟ್ಟುವವನು ಮಾಲಿನ ಬಣ್ಣವನ್ನೂ ಕಣ್ಣಾರೆ ನೋಡಬೇಕು, ಕಡ್ಡಿ, ಡಬ್ಬಿ ಎಂಬ ಎರಡು ಬಗೆಗಳಲ್ಲಿ ಅದು ಯಾವುದು ಎಂದು ಗುರುತಿಸಬೇಕು. ಇದು ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಬರಲಿಲ್ಲ, ಆದರೆ ಇಂದು ನನ್ನ ಕೆಲಸದ ದೊಡ್ಡ ಭಾಗ ಇದೇ ಆಗಿದೆ.

ಕೊನೆಯ ವರ್ಷದ ಪ್ರಾಜೆಕ್ಟ್ ವರದಿಗೆ ನಾನು ಆರಿಸಿಕೊಂಡದ್ದು ದುಡಿಯುವ ಬಂಡವಾಳದ, ಅಂದರೆ ದಿನನಿತ್ಯದ ವ್ಯಾಪಾರ ನಡೆಸಲು ಬೇಕಾಗುವ ರೊಕ್ಕದ ವಿಷಯ. ನಮ್ಮ ಪರಿಚಯದ ಹಿರಿಯ ವ್ಯಾಪಾರಸ್ಥರೊಬ್ಬರ ಬಳಿ ಹೋಗಿ, ಈ ವರ್ಷ ಎಷ್ಟು ಉಳಿಯಿತು ಎಂದು ಕೇಳಿದಾಗ ಅವರು, “ಎಷ್ಟ್ ಉಳೀತು ಅಂತ ಆಮ್ಯಾಲ ಕೇಳ ತಮ್ಮಾ, ರೊಕ್ಕ ಯಾವಾಗ ತಿರುಗಿ ಬರ್ತೈತಿ ಅನ್ನೋದನ್ನ ಮೊದಲ ಕೇಳ” ಎಂದರು. ಆ ಮಾತನ್ನೇ ನನ್ನ ವರದಿಯ ಮುಖ್ಯ ಪ್ರಶ್ನೆಯನ್ನಾಗಿ ಮಾಡಿಕೊಂಡೆ. ಲೆಕ್ಕಕ್ಕೆಂದು ಮೇಲಿನ 100 ಕ್ವಿಂಟಲ್ ಮಾಲನ್ನೇ ತೆಗೆದುಕೊಳ್ಳೋಣ. ಫೆಬ್ರುವರಿಯಲ್ಲಿ 20 ಲಕ್ಷ ರೂಪಾಯಿ ಸಾಲ ತೆಗೆದು ಕೊಂಡ ಮಾಲನ್ನು ಆಗಸ್ಟಿನಲ್ಲಿ 22,50,000 ರೂಪಾಯಿಗೆ ಮಾರಿದರೆ ಮೇಲ್ನೋಟಕ್ಕೆ ಎರಡೂವರೆ ಲಕ್ಷ ಉಳಿಯಿತು ಎನಿಸುತ್ತದೆ. ವರ್ಷಕ್ಕೆ ಶೇ. 12ರ ದರದಲ್ಲಿ ಆರು ತಿಂಗಳ ಬಡ್ಡಿ 1,20,000 ರೂಪಾಯಿ, ಕೋಲ್ಡ್ ಸ್ಟೋರೇಜಿನ ಬಾಡಿಗೆ, ಚೀಲ, ಹಮಾಲಿ ಎಲ್ಲ ಸೇರಿ 40,000 ರೂಪಾಯಿ ಎಂದು ಹಿಡಿದರೆ ಉಳಿಯುವುದು 90,000 ರೂಪಾಯಿ. ಮಾಲು ಕೊಂಡವರು ಎರಡು ತಿಂಗಳ ಉದ್ರಿ ಕೇಳಿದರೆ ಮತ್ತೆ 40,000 ರೂಪಾಯಿ ಬಡ್ಡಿ ಕೂಡಿ, ಕೈಯಲ್ಲಿ ನಿಲ್ಲುವುದು 50,000 ರೂಪಾಯಿ ಮಾತ್ರ. ಆ ಎರಡು ತಿಂಗಳಲ್ಲಿ ಲಾಭ-ನಷ್ಟದ ಪುಸ್ತಕದಲ್ಲಿ ಮಾರಾಟ ಪೂರ್ಣವಾಗಿ ದಾಖಲಾಗಿರುತ್ತದೆ, ಬ್ಯಾಂಕಿನ ಖಾತೆಗೆ ಮಾತ್ರ ಒಂದು ರೂಪಾಯಿಯೂ ಬಂದಿರುವುದಿಲ್ಲ. ಲಾಭದಲ್ಲಿದ್ದ ಅಂಗಡಿಗಳು ಸಾಲ ಕಟ್ಟಲಾಗದೆ ಮುಚ್ಚುವುದು ಹೇಗೆ ಎಂಬುದು ನನಗೆ ಸ್ಪಷ್ಟವಾದದ್ದು ಈ ಲೆಕ್ಕವನ್ನು ತಿಂಗಳು ತಿಂಗಳಾಗಿ ಕಾಗದದ ಮೇಲೆ ಇಳಿಸಿದಾಗ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ಹುಬ್ಬಳ್ಳಿಯಲ್ಲಿಯೇ ಸಿಕ್ಕಿತು. ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಆರಂಭಿಸಿದ ವಿಆರ್‌ಎಲ್ ಸಾರಿಗೆ ಸಂಸ್ಥೆಯ ಷೇರುಗಳು 2015ರಿಂದ ಷೇರುಪೇಟೆಯಲ್ಲಿವೆ, ಆದ್ದರಿಂದ ಅದರ ವಾರ್ಷಿಕ ವರದಿಯನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಸಾರಿಗೆ ಸಂಸ್ಥೆಯ ಮುಖ್ಯ ಆಸ್ತಿ ವಾಹನಗಳು. ಅವುಗಳ ಸವಕಳಿಯನ್ನು, ಅಂದರೆ ಬಳಸಿದಂತೆ ಕುಗ್ಗುವ ಮೌಲ್ಯವನ್ನು, ಪ್ರತಿ ವರ್ಷ ಖರ್ಚೆಂದು ಬರೆಯುತ್ತಾರೆ, ಆದರೆ ಆ ವರ್ಷ ಅದಕ್ಕಾಗಿ ಯಾರಿಗೂ ರೊಕ್ಕ ಎಣಿಸಿ ಕೊಡುವುದಿಲ್ಲ. ಹೀಗಾಗಿ ಇಂತಹ ವ್ಯವಹಾರದಲ್ಲಿ ಕಾರ್ಯಾಚರಣೆಯಿಂದ ಬರುವ ನಗದು ಲಾಭಕ್ಕಿಂತ ಹೆಚ್ಚಾಗಿರುವುದು ಸಹಜ, ಮುಂದೆ ಹೊಸ ವಾಹನ ಕೊಳ್ಳುವಾಗ ಆ ನಗದು ಒಮ್ಮೆಲೇ ಹೊರಗೆ ಹೋಗುತ್ತದೆ. ಮೆಣಸಿನಕಾಯಿ ವ್ಯಾಪಾರಸ್ಥನ ಪುಸ್ತಕವನ್ನು ಮತ್ತು ಲಾರಿ ಮಾಲೀಕನ ಪುಸ್ತಕವನ್ನು ಪಕ್ಕಪಕ್ಕದಲ್ಲಿಟ್ಟು ಓದಿದ ಮೇಲೆ ರೊಕ್ಕ ಒಳಗೆ ಬಂದದ್ದನ್ನೂ ಹೊರಗೆ ಹೋದದ್ದನ್ನೂ ತೋರಿಸುವ ನಗದು ಹರಿವಿನ ಪಟ್ಟಿಯನ್ನು ನಾನು ಬಾಯಿಪಾಠ ಮಾಡಬೇಕಾಗಲಿಲ್ಲ.

ಉಳಿದ ವಿಷಯಗಳು ಇಷ್ಟು ಆಳಕ್ಕೆ ಇಳಿಯಲಿಲ್ಲ. ವಾಣಿಜ್ಯ ಕಾನೂನಿನಲ್ಲಿ 1872ರ ಕರಾರು ಅಧಿನಿಯಮ ಮತ್ತು ಚೆಕ್ ಅಮಾನ್ಯವಾದಾಗ ಅನ್ವಯಿಸುವ 1881ರ ಕಾಯ್ದೆಯ 138ನೇ ಕಲಮು ದಿನನಿತ್ಯ ಉಪಯೋಗಕ್ಕೆ ಬರುತ್ತವೆ. ಸಹಕಾರದ ಪಾಠ ಬಂದಾಗ, 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಗದಗ ತಾಲ್ಲೂಕಿನ ಕಣಗಿನಹಾಳಕ್ಕೆ ಹೋಗಿ ನೋಡಿ ಬಂದೆ. ಸರ್ಕಾರದ ನೀತಿ ವ್ಯಾಪಾರವನ್ನು ಹೇಗೆ ತಟ್ಟುತ್ತದೆ ಎಂಬ ಅಧ್ಯಾಯಕ್ಕೆ ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಸಂಘಕ್ಕಿಂತ ಒಳ್ಳೆಯ ಪಾಠ ಬೇಕಿರಲಿಲ್ಲ: ಅಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ, 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಯಂತ್ರದಲ್ಲಿ ತಯಾರಾದ ಮತ್ತು ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ಕೊಡಲಾಯಿತು. ಮುಖ್ಯವಾಗಿ ಒಂದೇ ಉತ್ಪನ್ನವನ್ನು ನಂಬಿ ಕೈಮಗ್ಗದವರಿಗೂ ಹೊಲಿಯುವವರಿಗೂ ಕೂಲಿ ಕೊಡುವ ಘಟಕಕ್ಕೆ ಇಂತಹ ಒಂದು ತಿದ್ದುಪಡಿಯ ತೂಕ ಎಷ್ಟು ಎಂಬುದನ್ನು ನಾವು ಸಹಪಾಠಿಗಳು ತರಗತಿಯಲ್ಲಿ ಬಹಳ ಹೊತ್ತು ಚರ್ಚಿಸಿದೆವು.

ಈಗ ಮೊದಲಿನ ಪ್ರಶ್ನೆಗಳಿಗೆ ಬರುತ್ತೇನೆ. ಲೆಕ್ಕಪತ್ರ, ತೆರಿಗೆ, ಬ್ಯಾಂಕಿನ ಕೆಲಸ ಇಷ್ಟವಿರುವವರಿಗೆ ಬಿ.ಕಾಂ. ಸೂಕ್ತವೆಂದು ನನ್ನ ಅಭಿಪ್ರಾಯ, ಶೇ. 55 ಅಂಕ ಪಡೆದ ವಾಣಿಜ್ಯ ಪದವೀಧರರು ಸಿಎ (ಚಾರ್ಟರ್ಡ್ ಅಕೌಂಟೆಂಟ್) ಕೋರ್ಸಿನ ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆಯಿಲ್ಲದೆ ನೇರವಾಗಿ ಇಂಟರ್‌ಮೀಡಿಯೇಟ್ ಹಂತಕ್ಕೆ ನೋಂದಾಯಿಸಿಕೊಳ್ಳಬಹುದು ಎಂಬುದೂ ನೆನಪಿನಲ್ಲಿರಲಿ. ಮಾರಾಟ, ಸಿಬ್ಬಂದಿ ನಿರ್ವಹಣೆ, ಮುಂದೆ ಎಂಬಿಎ ಎನ್ನುವವರು ಬಿಬಿಎ ನೋಡಬಹುದು, ಆದರೆ ಅಲ್ಲಿಯೂ ಲೆಕ್ಕಶಾಸ್ತ್ರವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಾನು ಸೇರಿದ 2021-22ರಲ್ಲಿ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದು ನಾಲ್ಕು ವರ್ಷದ ಆನರ್ಸ್ ಪದವಿಯ ದಾರಿ ತೆರೆದಿತ್ತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಯ ಕ್ರಮ ಬಂದಿದೆ. ಆದ್ದರಿಂದ ಅಣ್ಣ ಅಥವಾ ಅಕ್ಕ ಓದಿದ ವಿಷಯಗಳ ಪಟ್ಟಿಯನ್ನು ನಂಬದೆ, ಸೇರುವ ವರ್ಷದ ಪಠ್ಯಕ್ರಮವನ್ನೇ ತರಿಸಿ ನೋಡಬೇಕು.

ಬಿ.ಎಸ್‌ಸಿ., ಕೃಷಿ ಅಥವಾ ಎಂಜಿನಿಯರಿಂಗ್ ಓದುತ್ತಾ ವಾಣಿಜ್ಯವನ್ನು ಪೂರಕ ವಿಷಯವಾಗಿ ತೆಗೆದುಕೊಳ್ಳಬಯಸುವವರಿಗೆ ಎರಡು ಮೂರು ವಿಷಯಗಳಿಗಷ್ಟೇ ಅವಕಾಶವಿರುತ್ತದೆ. ಅಂಥವರು ಮೊದಲು ಹಣಕಾಸು ಲೆಕ್ಕಶಾಸ್ತ್ರ, ನಂತರ ವೆಚ್ಚ ಲೆಕ್ಕಶಾಸ್ತ್ರ, ಸಾಧ್ಯವಾದರೆ ವಾಣಿಜ್ಯ ಕಾನೂನು ಆರಿಸಿಕೊಳ್ಳಲಿ. ಮಾರುಕಟ್ಟೆ ನಿರ್ವಹಣೆಯನ್ನು ಕೆಲಸ ಮಾಡುತ್ತಲೇ ಕಲಿಯಬಹುದು, ಆದರೆ ಜಮಾ-ಖರ್ಚಿನ ಶಿಸ್ತನ್ನು ಗುರುಗಳ ಮುಂದೆ ಕುಳಿತು, ಪೆನ್ನು ಹಿಡಿದು ಲೆಕ್ಕ ಬಿಡಿಸಿಯೇ ಕಲಿಯಬೇಕು. ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶವನ್ನು ಅದಾದ ಮೇಲೆ ಕಲಿತರೆ ಸಾಕು. ಕೈಯಿಂದ ಖಾತೆ ಬರೆದು ರೂಢಿಯಿದ್ದವರಿಗೆ ಅದು ಬೇಗ ಒಗ್ಗುತ್ತದೆ, ಜಿಎಸ್‌ಟಿಯ ಮಾಸಿಕ ವಿವರಗಳನ್ನು ಸಲ್ಲಿಸುವ ಕೆಲಸವೂ ಸಣ್ಣ ಅಂಗಡಿಯೊಂದರ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ಕುಳಿತರೆ ಕೈಗೆ ಹತ್ತುತ್ತದೆ.